ಗುಲೇದನ ಪಾಲಿನ ಹಾಲು

ಜನವರಿ 30, 2023, ಸೋಮವಾರ

ಕೂಸು ಮಲಗಿದೆ. ಉಸಿರಾಡುತ್ತಿದೆ. ಎರಡನ್ನೂ ಬರೆದಿಡುತ್ತೇನೆ, ಏಕೆಂದರೆ ಮೊದಲನೆಯದನ್ನು ನೋಡಿದ ಮೇಲೆ ಎರಡನೆಯದನ್ನು ನೋಡದೆ ಇರಲು ನನ್ನಿಂದ ಆಗುವುದಿಲ್ಲ. ಮೂಗಿನ ಕೆಳಗೆ ಬೆರಳು ಇಟ್ಟು ಕಾಯುತ್ತೇನೆ. ಬಿಸಿ ತಾಗಿದರೆ ನಾನೂ ಒಂದು ಉಸಿರು ಬಿಡುತ್ತೇನೆ. ಐದು ನಿಮಿಷ ಕಳೆದರೆ ಮತ್ತೆ ಬೆರಳು.

ನಿದ್ದೆ ಬರದಿದ್ದಾಗ ಮೊಬೈಲು ಹಿಡಿಯಬೇಡಿ, ಏನಾದರೂ ಬರೆಯಿರಿ ಎಂದರು ಡಾಕ್ಟರು. ಸರಿ, ಬರೆಯುತ್ತೇನೆ. ದಾವಣಗೆರೆಯಲ್ಲಿ ಬಾಣಂತನ ಮುಗಿಸಿಕೊಂಡು ಬೊಮ್ಮಸಂದ್ರದ ಈ ಬಾಡಿಗೆ ಮನೆಗೆ ಬಂದು ವಾರವಾಯಿತು. ಬಂದ ಮೇಲೆ ನನಗೆ ಹಾಲು ಕಡಿಮೆಯಾಗಿದೆ. ಡಬ್ಬಿ ಹಾಲು ಕೊಟ್ಟರೆ ಕೂಸಿಗೆ ಭೇದಿ. ಮೂರು ತಿಂಗಳಿಗೆ ಇರಬೇಕಾದ ತೂಕ ಇಲ್ಲ. ಅಮರೇಶ್ ಅತ್ತಿಬೆಲೆಯ ಕಾರ್ಖಾನೆಯಲ್ಲಿ ಶಿಫ್ಟು ನೋಡಿಕೊಳ್ಳುತ್ತಾರೆ, ಮನೆಗೆ ಬಂದರೆ ಬಿದ್ದು ಮಲಗುತ್ತಾರೆ. ಅವರ ಗೊರಕೆ ಕೇಳಿದರೆ ಹೊಟ್ಟೆಕಿಚ್ಚು.

ನಮ್ಮ ಜೊತೆಗೆಂದು ರೋಣದಿಂದ ಅತ್ತೆ ಬಂದಿದ್ದಾರೆ. ಕಮಲಮ್ಮನವರು ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ. ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಚಟ್ನಿ, ಅಳವಿ ಪಾಯಸ ಎಲ್ಲ ಮಾಡಿ ಹಾಕುತ್ತಾರೆ. ಹಾಲು ಮಾತ್ರ ಬರುತ್ತಿಲ್ಲ.

"ನೀಲಾ, ಚಿಂತಿ ಮಾಡಿದ್ರ ಹಾಲು ಬತ್ತತೈತವಾ. ನಗು ಸ್ವಲ್ಪ."

ನಗುವುದನ್ನೂ ಹೊತ್ತುಹೊತ್ತಿಗೆ ಮಾಡಬೇಕಾದ ಔಷಧಿಯ ಹಾಗೆ ಹೇಳುತ್ತಾರೆ. ಆದರೂ ಅವರಿದ್ದಾರೆ. ಅದಕ್ಕೆ ಶರಣು.

ಫೆಬ್ರವರಿ 4, ಶನಿವಾರ

ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ಪಕ್ಕದ ಮನೆಯವಳನ್ನು ನೋಡಿದೆ. ಈ ಬಿಲ್ಡಿಂಗು ನಲ್ಲಪ್ಪನವರದು. ಕಾರ್ಖಾನೆಗಳಿಗೆ ಹೊಲ ಹೋದ ಮೇಲೆ ಉಳಿದ ಜಾಗದಲ್ಲಿ ಕಟ್ಟಿಸಿದ್ದು. ಅರ್ಧ ಮನೆಗಳನ್ನು ಇಲ್ಲಿನ ದೊಡ್ಡ ಆಸ್ಪತ್ರೆಗೆ ಬರುವ ಹೊರದೇಶದವರಿಗೆ ಕೊಡುತ್ತಾರೆ. ಇವಳು ಎತ್ತರ, ತೆಳ್ಳಗೆ, ತಲೆಯಿಂದ ಮೊಣಕಾಲಿನವರೆಗೆ ಹಳದಿ ಶಾಲು. ನನ್ನ ಹೆಗಲ ಮೇಲೆ ಕೂಸು ಅಳತೊಡಗಿತು. ಅವಳು ಸಟ್ಟನೆ ಗೋಡೆಯ ಕಡೆ ತಿರುಗಿ ಎರಡೂ ಕೈಗಳಿಂದ ಎದೆ ಒತ್ತಿಕೊಂಡಳು. ಶಾಲು ಒದ್ದೆಯಾಗಿದ್ದು ಕಾಣಿಸಿತು.

ನಲ್ಲಪ್ಪನವರ ಹೆಂಡತಿ ಚಿಕ್ಕಮುನಿಯಮ್ಮ ರಾಗಿ ಹರವುತ್ತಿದ್ದವರು ನನ್ನ ಕಿವಿಗೆ ಬಂದರು. "ಆಯಮ್ಮ ಊರಲ್ಲಿ ಹಸುಗೂಸು ಬಿಟ್ಟು ಬಂದವ್ಳೆ ಕಣವ್ವ. ಸೊಮಾಲಿಯಾ ಅಂತೆ. ದೊಡ್ಡ್ ಮಗೀಗೆ ಎದೇಲಿ ತೂತಂತೆ, ಆಪ್ರೇಸನ್ನಿಗೆ ಬಂದವ್ರೆ. ನಿನ್ ಮಗು ಅತ್ರೆ ಆಯಮ್ಮಂಗೆ ಇಂಗೆ ಹಾಲು ಸುರೀತದೆ. ಏನ್ ಮಾಡೀಯೆ."

ನನ್ನ ಕೂಸಿನ ಅಳು ಗೋಡೆಯಾಚೆ ಇನ್ನೊಬ್ಬಳನ್ನು ಹೀಗೆ ಮುಟ್ಟುತ್ತಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಫೆಬ್ರವರಿ 8, ಬುಧವಾರ

ಅವಳ ಹೆಸರು ಹಿಬೋ. ಅವಳದು ಶಾಲೆಯ ಇಂಗ್ಲಿಷು, ನನ್ನದು ಕಾಲೇಜಿನ ಇಂಗ್ಲಿಷು. ಎರಡೂ ಸೇರಿದರೆ ಮಾತು ನಡೆಯುತ್ತದೆ. ಬೆಳಗ್ಗೆ ಗೋಡೆಯ ಆ ಕಡೆಯಿಂದ ಅಳು ಕೇಳಿತು. ಅತ್ತೆ ಚಹಾ ಲೋಟ ಹಿಡಿದುಕೊಂಡು ಹೊರಟೇಬಿಟ್ಟರು, ನಾನು ಕೂಸನ್ನೆತ್ತಿಕೊಂಡು ಹಿಂದೆ.

ಸೋಮವಾರದಿಂದ ಅವಳ ಊರಲ್ಲಿ ಯುದ್ಧ. ಊರಿನ ಹೆಸರು ಲಾಸ್ ಅನೋದ್. ಆರು ತಿಂಗಳ ಮಗ ಗುಲೇದ್ ಅಲ್ಲಿದ್ದಾನೆ, ಅವಳ ತಾಯಿಯ ಹತ್ತಿರ. ಗಂಡ ಸೌದಿಯಲ್ಲಿ ಲಾರಿ ಓಡಿಸುತ್ತಾನೆ. ನಾಲ್ಕು ವರ್ಷದ ಮಗಳು ಉಬಾ ಮಂಚದ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು. ತುಟಿ ನೇರಳೆ ಬಣ್ಣ. ಒಂದು ತಿಂಗಳ ಮಾತು, ಎಳೆಮಗುವಿಗೆ ಆಸ್ಪತ್ರೆಯ ಗಾಳಿ ಬೇಡ ಎಂದು ಗುಲೇದನನ್ನು ಬಿಟ್ಟು ಬಂದಳಂತೆ.

"ನಾನು ಅಮ್ಮನ ಹೊಟ್ಟೆಯಲ್ಲಿದ್ದಾಗ ನಮ್ಮ ಸರ್ಕಾರ ಬಿದ್ದುಹೋಯಿತು" ಎಂದಳು, ಮಳೆಗೆ ಗೋಡೆ ಬಿತ್ತು ಎನ್ನುವ ಹಾಗೆ. "ಆಮೇಲೆ ಉತ್ತರದವರು ನಾವೇ ಬೇರೆ ದೇಶ ಅಂದರು. ಬಾವುಟ, ನೋಟು, ಪೊಲೀಸು ಎಲ್ಲ ಮಾಡಿಕೊಂಡರು. ನಮ್ಮ ಊರು ಅಂಚಿನಲ್ಲಿದೆ. ಬೇರೆಯಾಗುವುದು ಬೇಡ ಅಂದರು ನಮ್ಮವರು. ಈಗ ಅವರ ತೋಪುಗಳು ಊರ ಕಡೆ ಮುಖ ಮಾಡಿವೆ."

"ಯಾರು ಸರಿ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಚಿಕೆಯಾಯಿತು.

"ಗುಲೇದ್ ಬಾಟಲಿ ಹಿಡಿಯುವುದಿಲ್ಲ" ಎಂದಳು. "ಅಮ್ಮ ಒಂಟೆ ಹಾಲನ್ನು ಚಮಚದಲ್ಲಿ ಹಾಕುತ್ತಾಳೆ. ಅರ್ಧ ಚೆಲ್ಲುತ್ತಾನೆ."

ನಾನು ಮನೆಗೆ ಬಂದು ಕೂಸಿನ ಮೂಗಿನ ಕೆಳಗೆ ಬೆರಳಿಟ್ಟೆ.

ಫೆಬ್ರವರಿ 11, ಶನಿವಾರ

ಇವತ್ತು ಅತ್ತೆಗೂ ನನಗೂ ಮಾತು ನಡೆಯಿತು.

ಹಿಬೋ ದಿನವೂ ಹಾಲನ್ನು ಬಟ್ಟಲಿಗೆ ಹಿಂಡಿ ಟೆರೇಸಿನ ಕರಿಬೇವಿನ ಕುಂಡಕ್ಕೆ ಹಾಕುತ್ತಾಳೆ. ಅತ್ತೆ ಅದನ್ನು ನೋಡಿಕೊಂಡು ಬಂದರು. "ತಾಯಿ ಹಾಲು ಮೋರಿಗೆ ಹಾಕಬಾರದು ಅಂತ ಆಕಿಗೂ ಗೊತ್ತೈತಿ ನೋಡು. ಯಾರೋ ಛಲೋ ಮಂದಿ ಬೆಳಸ್ಯಾರ." ಮತ್ತೆ, "ಅಲ್ಲಿ ಗಿಡಕ್ಕ ಹಾಲು ಹೋಗಾಕತ್ತೈತಿ, ಇಲ್ಲಿ ಕೂಸು ಬಾಯಿ ಬಿಡಾಕತ್ತೈತಿ. ನೀ ಓದಿದಾಕಿ, ನೀನ ಹೇಳು."

ನಾನು ರೋಗದ ಮಾತೆತ್ತಿದೆ. ಜನ ಏನೆನ್ನುತ್ತಾರೆ ಎಂದೆ. ಕೊನೆಗೆ, ಲಿಂಗಧಾರಣೆಯಾದ ಮಗು ಅತ್ತೆ, ಎಂದೂ ಅಂದೆ. ಅವರೇ ಎಂದಾದರೂ ಹೇಳಬಹುದಾದ ಮಾತನ್ನು ನಾನೇ ಮೊದಲು ಆಡಿ ತಪ್ಪಿಸಿಕೊಳ್ಳಲು ನೋಡಿದೆ.

"ಲಿಂಗ ಕಟ್ಟಿದ ಕೂಸಿಗೆ ಹಸಿವಿ ಆಗೂದಿಲ್ಲೇನು?"

ಅಮರೇಶ್ ಹೊದಿಕೆಯೊಳಗಿಂದಲೇ, "ಡಾಕ್ಟ್ರನ್ನ ಒಂದ್ಸಲ ಕೇಳ್ರಿ, ಆಮೇಲೆ ಇಬ್ರೂ ಜಗಳಾಡ್ರಿ" ಎಂದರು.

ಫೋನಿನಲ್ಲಿ ಕೇಳಿದೆ. ರಕ್ತಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದ್ದರೆ ಕುಡಿಸಬಹುದು ಎಂದರು. ಈಗ ಅದನ್ನು ಅವಳಿಗೆ ಹೇಳುವುದು ಹೇಗೆ? ಹಾಲು ಕೊಡು, ಅದಕ್ಕೆ ಮೊದಲು ರಕ್ತ ತೋರಿಸು ಎಂದು? ಬೆಳಗಿನವರೆಗೂ ಇದೇ ಯೋಚನೆ.

ಫೆಬ್ರವರಿ 14, ಮಂಗಳವಾರ

ಕೇಳಿದೆ. ಅವಳು ನಕ್ಕಳು. "ನನ್ನ ಮಗನಿಗೆ ಬೇರೆಯವಳು ಹಾಲು ಕೊಡುವುದಾದರೆ ನಾನೂ ಕೇಳುತ್ತಿದ್ದೆ" ಎಂದು ನಿನ್ನೆಯೇ ಪರೀಕ್ಷೆ ಮಾಡಿಸಿದಳು. ಎಲ್ಲ ಸರಿಯಿದೆ.

ಆದರೆ ಅವಳದೂ ಒಂದು ಷರತ್ತು. ಅವರಲ್ಲಿ ಎದೆಹಾಲು ಕೊಟ್ಟವಳು ತಾಯಿಯೇ. ಅವಳ ಮಕ್ಕಳೆಲ್ಲ ಈ ಮಗುವಿಗೆ ಒಡಹುಟ್ಟಿದವರು, ಮುಂದೆ ಅವರೊಳಗೆ ಮದುವೆ ಸಲ್ಲದು. "ನಿಮ್ಮ ಮಗಳಿಗೆ ಗುಲೇದ್ ಅಣ್ಣನಾಗುತ್ತಾನೆ. ಮನೆಯ ಹಿರಿಯರ ಒಪ್ಪಿಗೆ ಬೇಕು" ಎಂದು ಅತ್ತೆಯ ಕಡೆ ನೋಡಿದಳು, ಬಹಳ ಗಂಭೀರವಾಗಿ.

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಷ್ಟ ದೂರದ ಬೀಗತನಾ ನಮಗ ಹ್ಯಾಂಗೂ ನಡಿಯೂದಿಲ್ಲ ಅನ್ನು. ಆರತಿ ಎತ್ತಾಕ ಇಮಾನ ಹತ್ತಬೇಕು!" ಆಮೇಲೆ ಹಿಬೋಳ ಮುಖ ನೋಡಿ ನಗು ನಿಲ್ಲಿಸಿ, ಅವಳ ಕೈ ಹಿಡಿದು, "ಒಪ್ಪಿಗಿ ಐತವಾ. ಅಣ್ಣಾನ ಆಗಲಿ" ಎಂದರು.

ಕೂಸು ಮೊದಲು ಮುಖ ತಿರುಗಿಸಿತು. ವಾಸನೆ ಬೇರೆ. ಆಮೇಲೆ ಹಿಡಿದುಕೊಂಡಿತು, ನುಂಗುವ ಸದ್ದು ಕೇಳಿಸಿತು. ಹಿಬೋ ಕಣ್ಣು ಮುಚ್ಚಿಕೊಂಡು ಏನೋ ಗುನುಗುತ್ತಿದ್ದಳು. ನನಗೆ ಸಂತೋಷವೂ ಆಯಿತು, ನನ್ನ ಮಗು ನನ್ನ ಕೈಯಲ್ಲಿಲ್ಲವಲ್ಲ ಎಂದು ಉರಿಯೂ ಆಯಿತು. ಎರಡನ್ನೂ ಬರೆದುಬಿಡುತ್ತೇನೆ.

ಫೆಬ್ರವರಿ 17, ಶುಕ್ರವಾರ

ಹೊಟ್ಟೆ ತುಂಬಿದ ಕೂಸಿನ ಮುಖ ಹೇಗಿರುತ್ತದೆ ಎಂದು ನನಗೆ ಮರೆತೇ ಹೋಗಿತ್ತು. ಕುಡಿದವರ ಹಾಗೆ ಬಾಯಿ ಅರೆತೆರೆದು, ಗಲ್ಲಕ್ಕೆ ಹಾಲು ಇಳಿದು. ಶರಣು, ಶರಣು.

ಫೆಬ್ರವರಿ 22, ಬುಧವಾರ

ಹಿಬೋಳ ತಾಯಿಯ ಫೋನು ಹೋಗುತ್ತಿಲ್ಲ. ಊರ ಆಸ್ಪತ್ರೆಯ ಹತ್ತಿರವೂ ಗುಂಡು ಬಿದ್ದಿದೆಯಂತೆ. ಜನ ಕತ್ತೆಗಾಡಿಯಲ್ಲಿ, ಲಾರಿಯಲ್ಲಿ, ನಡೆದುಕೊಂಡು ಊರು ಬಿಡುತ್ತಿದ್ದಾರೆ. ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಎಲ್ಲರನ್ನೂ ಹುಡುಕುತ್ತಿದ್ದಾರೆ. ಗುಲೇದನನ್ನು ನೋಡಿದವರಿಲ್ಲ.

ಇವತ್ತು ಅವಳು ಬರಲಾರಳು ಎಂದುಕೊಂಡಿದ್ದೆ. ಹೊತ್ತಿಗೆ ಸರಿಯಾಗಿ ಬಂದಳು. ಕಣ್ಣು ಊದಿತ್ತು. "ಇವತ್ತು ಬಿಡು ಹಿಬೋ, ನಾನೇ ಹೇಗೋ..." ಎಂದೆ.

"ಇಲ್ಲ. ಇದು ಗುಲೇದನ ಪಾಲು. ಹೋದಾಗ ಅವನಿಗೆ ಇರಬೇಕು. ನಿನ್ನ ಮಗಳು ಕುಡಿದರೆ ಬರುತ್ತಾ ಇರುತ್ತದೆ. ಇದು ನಿಂತರೆ ಅವನಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ."

ಇಷ್ಟು ದಿನ ಅವಳು ನನಗೆ ಉಪಕಾರ ಮಾಡುತ್ತಿದ್ದಾಳೆ ಎಂದೇ ತಿಳಿದಿದ್ದೆ. ಕೂಸನ್ನು ಅವಳ ಕೈಗೆ ಕೊಟ್ಟು ಉಬಾಳಿಗೆ ತಲೆ ಬಾಚಿದೆ. ಸಣ್ಣ ಸಣ್ಣ ಗುಂಗುರು. ಬಾಚಣಿಗೆ ಎರಡು ಸಲ ಸಿಕ್ಕಿಕೊಂಡಿತು, ಅವಳು ನನ್ನನ್ನು ಅವರ ಭಾಷೆಯಲ್ಲಿ ಚೆನ್ನಾಗಿ ಬೈದಳು.

ಫೆಬ್ರವರಿ 27, ಸೋಮವಾರ

ಉಬಾಳ ಆಪರೇಷನ್ ಆಯಿತು. ತೂತು ಮುಚ್ಚಿದ್ದಾರೆ.

ಎಳೆಮಕ್ಕಳನ್ನು ಒಳಗೆ ಬಿಡುವುದಿಲ್ಲ. ಅಮರೇಶ್ ಕೆಲಸಕ್ಕೆ ಹೋಗಿದ್ದರು, ಅತ್ತೆಗೆ ಮೊಣಕಾಲು ನೋವು. ನಾನೊಬ್ಬಳೇ ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ. ಹೊಸೂರು ರೋಡಿನ ಲಾರಿಗಳ ಹೊಗೆ. ಆಟೋದವರು ಹಿಂದೆ ತಿರುಗಿ, "ಮೇಡಂ, ಮಗು ಮುಖಕ್ಕೆ ಸೆರಗು ಮುಚ್ಚಿ, ನಾನ್ ನಿಧಾನಕ್ಕೆ ಹೋಗ್ತೀನಿ" ಎಂದು ಹಂಪು ಬಂದಲ್ಲೆಲ್ಲ ಎಮ್ಮೆಯ ಹಾಗೆ ಇಳಿಸಿದರು. ಆಸ್ಪತ್ರೆಯ ಹೊರಗೆ ಹೊಂಗೆ ಮರದ ಕಟ್ಟೆಯ ಮೇಲೆ ಕೂತೆ. ಮೂರು ಸಲ ಹಿಬೋ ಹೊರಗೆ ಬಂದಳು, ಕೂಸಿಗೆ ಹಾಲು ಕೊಟ್ಟಳು, ಒಳಗೆ ಹೋದಳು. ನಾಲ್ಕನೆಯ ಸಲ ಬಂದವಳು ದೂರದಿಂದಲೇ ಕೈ ಎತ್ತಿದಳು. ನನಗೆ ಅರ್ಥವಾಯಿತು. ಅಲ್ಲೇ ಕಟ್ಟೆಯ ಮೇಲೆ ಇಬ್ಬರೂ ಅತ್ತೆವು. ಪಕ್ಕದಲ್ಲಿ ಚುರುಮುರಿ ತಿನ್ನುತ್ತಿದ್ದವರು ಎದ್ದು ಜಾಗ ಬಿಟ್ಟರು.

ಸಂಜೆ ಬರುವಾಗ ನನಗೂ ಎದೆ ತುಂಬಿತ್ತು, ಕೂಸಿಗೆ ಆಟೋದಲ್ಲೇ ನಾನೇ ಕುಡಿಸಿದೆ. ಮನೆ ಬಂದಿದ್ದೂ ಗೊತ್ತಾಗಲಿಲ್ಲ.

ಮಾರ್ಚ್ 4, ಶನಿವಾರ

ಉಬಾಳ ತುಟಿ ಕೆಂಪಗಿದೆ! ವಾರ್ಡಿನಿಂದ ಹಿಬೋ ಫೋಟೋ ಕಳಿಸಿದ್ದಳು. ಅತ್ತೆ ಮೊಬೈಲಿಗೇ ದೃಷ್ಟಿ ತೆಗೆದರು. ಚಿಕ್ಕಮುನಿಯಮ್ಮನವರಿಗೆ ತೋರಿಸಿದರೆ, "ಅಂಗೇ ನಮ್ಮೂರ್ ದ್ಯಾವ್ರು ದೊಡ್ಡಮ್ಮಂಗೆ ಒಂದು ಕೋಳಿ ಬಿಡ್ತೀನಿ ಅಂತ ಅರಕೆ ಒತ್ತಿದ್ದೆ ಕಣವ್ವ. ನಿಮ್ಮತ್ತೇಗೆ ಯೋಳ್ಬೇಡ" ಎಂದರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಕೋಳಿಯ ವಿಷಯ ಕೇಳಿಸದವರ ಹಾಗೆ ಇದ್ದುಬಿಟ್ಟರು.

ಗುಲೇದನ ಸುದ್ದಿ ಇಲ್ಲ.

ಮಾರ್ಚ್ 9, ಗುರುವಾರ

ಸುದ್ದಿ ಬಂತು. ಹಿಬೋಳ ತಾಯಿ ಇಲ್ಲ. ಅಂಗಳದಲ್ಲಿ ನೀರು ತುಂಬುತ್ತಿದ್ದಾಗ ಗುಂಡು ಬಿತ್ತಂತೆ, ಎರಡು ವಾರದ ಹಿಂದೆಯೇ.

ಗುಲೇದ್ ಇದ್ದಾನೆ.

ಇನ್ನೊಂದು ಸಲ ಬರೆಯುತ್ತೇನೆ. ಗುಲೇದ್ ಇದ್ದಾನೆ. ಪಕ್ಕದ ಮನೆಯ ಸಹ್ರಾ ಎನ್ನುವವಳು ಅವನನ್ನು ಎತ್ತಿಕೊಂಡು ಲಾರಿ ಹತ್ತಿದ್ದಾಳೆ. ಅವಳಿಗೂ ಎಳೆಮಗು, ಇಬ್ಬರಿಗೂ ಹಾಲು ಕೊಡುತ್ತಿದ್ದಾಳೆ. ಆದರೆ ಸಹ್ರಾಳ ಗಂಡ ಉತ್ತರದವರ ಪೊಲೀಸು. ಲಾರಿ ಹೋಗಿದ್ದು ಆ ಕಡೆಗೆ, ತೋಪುಗಳ ಹಿಂದಿನ ಊರಿಗೆ. ಅದಕ್ಕೇ ಇವರ ಪೈಕಿ ಯಾರಿಗೂ ಸುದ್ದಿ ಸಿಕ್ಕಿರಲಿಲ್ಲ. ಡಿಸೆಂಬರಿನಲ್ಲಿ ಊರಲ್ಲಿ ಗಲಾಟೆ ಶುರುವಾದಾಗಿನಿಂದ ಹಿಬೋಳ ಮನೆಯವರು ಸಹ್ರಾಳ ಜೊತೆ ಮಾತು ಬಿಟ್ಟಿದ್ದರಂತೆ.

ನಾನು ಕುಣಿಯುವ ಹಾಗಾಗಿ ಅವಳನ್ನು ತಬ್ಬಿಕೊಳ್ಳಲು ಹೋದೆ. ಅವಳು ಮರದ ಹಾಗೆ ನಿಂತಿದ್ದಳು.

"ಅಮ್ಮನನ್ನು ಕೊಂದವರ ಮನೆಯಲ್ಲಿ ನನ್ನ ಮಗ ಹಾಲು ಕುಡಿಯುತ್ತಿದ್ದಾನೆ" ಎಂದಳು.

ಹಿಬೋ ಏನಂದಳೆಂದು ಅತ್ತೆ ಕೇಳಿದರು. ಹೇಳಿದೆ.

"ಆ ಹೆಣ್ಮಗಳು ಕೊಂದಾಳೇನು?"

ನಾನು ಅದನ್ನು ಇಂಗ್ಲಿಷಿನಲ್ಲಿ ಕೇಳಿದೆ. "ಇಲ್ಲ" ಎಂದಳು ಹಿಬೋ.

"ಮತ್ತ?"

ಹಿಬೋ ಉಬಾಳನ್ನು ಕರೆದುಕೊಂಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ರೊಟ್ಟಿ ಒಯ್ದು ಬಾಗಿಲ ಹೊರಗೆ ಮುಚ್ಚಿಟ್ಟು ಬಂದರು. "ಆಕಿ ತಾಯಿನ್ನ ಕಳಕೊಂಡಾಳ. ನಾ ಹಂಗ ಕೇಳಬಾರದಿತ್ತು" ಎಂದರು.

ಮಾರ್ಚ್ 12, ಭಾನುವಾರ

ಕೊನೆಗೂ ಸಹ್ರಾಳ ಫೋನು ತಾಗಿತು. ಸ್ಪೀಕರಿನಲ್ಲಿ ಹಾಕುತ್ತೇನೆ, ಒಬ್ಬಳಿಗೇ ಕೇಳಲು ಆಗುವುದಿಲ್ಲ ಎಂದು ಹಿಬೋ ನಮ್ಮ ಮನೆಗೇ ಬಂದಳು. ನಮಗೆ ಭಾಷೆ ಬರದಿದ್ದರೂ ಎಲ್ಲರೂ ಫೋನಿಗೆ ಕಿವಿಗೊಟ್ಟು ಕೂತೆವು. ಆ ಕಡೆಯವಳು ಜೋರು ಬಾಯಿಯವಳು. ಹಿಬೋ ಮೊದಲು ಬರೀ ಹೂಂಗುಟ್ಟುತ್ತಿದ್ದಳು. ಇದ್ದಕ್ಕಿದ್ದ ಹಾಗೆ ನಕ್ಕಳು, ನಗುತ್ತಲೇ ಅಳತೊಡಗಿದಳು.

ಆಮೇಲೆ ಹೇಳಿದಳು. ಹಲೋ, ಹೇಗಿದ್ದೀಯ ಏನೂ ಇಲ್ಲ. ಸಹ್ರಾಳ ಮೊದಲ ಮಾತೇ, "ಏಯ್ ಹಿಬೋ, ನಿನ್ನ ಮಗನಿಗೆ ಹಲ್ಲು ಬಂದಿದೆ, ಕಚ್ಚುತ್ತಾನೆ. ಬೇಗ ಬಾ. ನನ್ನ ಕೈಲಾಗುವುದಿಲ್ಲ."

ಹಿಬೋಳ ತಾಯಿಯ ಮುಖ ತೊಳೆದು ಬಟ್ಟೆ ಹೊದಿಸಿದವಳೂ ಅವಳೇ ಅಂತೆ. ಲಾರಿಯವರು ಹೊರಡು ಹೊರಡು ಎಂದು ಕೂಗುತ್ತಿದ್ದರಂತೆ.

ಮಾರ್ಚ್ 19, ಭಾನುವಾರ

ನಾಳೆ ಬೆಳಗ್ಗೆ ಹಿಬೋ ಹೊರಡುತ್ತಾಳೆ. ಉಬಾಳಿಗೆ ಪ್ರಯಾಣ ಮಾಡಬಹುದು ಎಂದಿದ್ದಾರೆ. ಹಿಬೋ ಇಳಿಯುವುದು ಉತ್ತರದವರ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ಸಹ್ರಾ ಇರುವ ಊರಿಗೆ. ಹಿಬೋಳ ಗಂಡನಿಗೆ ಇಷ್ಟವಿಲ್ಲ. ಬೇರೆ ಯಾರನ್ನಾದರೂ ಕಳಿಸಿ ಮಗುವನ್ನು ತರಿಸೋಣ, ಆ ಕಡೆ ಕಾಲಿಡಬೇಡ ಎಂದು ಫೋನಿನಲ್ಲಿ ಕೂಗಾಡಿದನಂತೆ. ಇವಳು, "ಕಳಿಸಿದವರಿಗೆ ಹಾಲಿದೆಯಾ?" ಎಂದು ಕೇಳಿ ಫೋನು ಇಟ್ಟಳಂತೆ.

ಮಧ್ಯಾಹ್ನ ಅತ್ತೆ ಅವಳನ್ನು ಕರೆದು ಮಣೆಯ ಮೇಲೆ ಕೂರಿಸಿದರು. ತವರಿನಿಂದ ಹೊರಟ ಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು. ಮೊರದಲ್ಲಿ ಅಕ್ಕಿ, ಬೆಲ್ಲ, ಉತ್ತತ್ತಿ, ಅರಿಶಿನ ಕೊಂಬು, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆ.

"ಅವ್ವ, ಕೊಬ್ರಿ ವಿಮಾನದಾಗ ಬಿಡೂದಿಲ್ಲ, ಬೆಂಕಿ ಹತ್ತತೈತಂತ" ಎಂದರು ಅಮರೇಶ್. ಅಮ್ಮನ ಮುಂದೆ ಅವರ ಮಾತೂ ರೋಣದ್ದೇ.

"ಕೊಬ್ರಿಗೆ ಬೆಂಕಿ ಹತ್ತತೈತಿ ಅಂತಾರ, ತೋಪಿಗೆ ಏನೂ ಅನ್ನೂದಿಲ್ಲ" ಎಂದು ಗೊಣಗುತ್ತ ಅತ್ತೆ ಕೊಬ್ಬರಿಯನ್ನು ತೆಗೆದು ಇನ್ನೊಂದು ಹಿಡಿ ಉತ್ತತ್ತಿ ಹಾಕಿದರು.

ಹಿಬೋ ಹಳದಿ ಶಾಲಿನ ಅಂಚು ಹಿಡಿದಳು. ಅತ್ತೆ ಸುರಿದರು. ಇದೇನೆಂದು ಅವಳು ನನ್ನ ಮುಖ ನೋಡಿದಳು. "ತಾಯಿಮನೆಯಿಂದ ಹೋಗುವ ಮಗಳಿಗೆ ಹೀಗೆ ಕೊಡುತ್ತೇವೆ. ಮಡಿಲು ಖಾಲಿಯಿರಬಾರದು ಎಂದು" ಎಂದೆ.

ಅವಳು ಅಂಚಿಗೆ ಬಂದ ಅಕ್ಕಿಯನ್ನು ಒಳಗೆ ಸರಿಸಿಕೊಂಡಳು. ಆಮೇಲೆ, "ಇನ್ನೊಂದು ಕೊಡುತ್ತೀರಾ? ಸಹ್ರಾಳಿಗೆ" ಎಂದಳು. "ಅವಳು ಹುಟ್ಟಿದ್ದು ನಮ್ಮ ಊರಲ್ಲೇ. ಮದುವೆಯಾದದ್ದು ಆ ಕಡೆಗೆ. ಈಗ ಅವಳಿಗೂ ತಾಯಿಮನೆಗೆ ಬರುವ ಹಾಗಿಲ್ಲ."

ನಾನು ಅತ್ತೆಗೆ ಹೇಳಿದೆ. ಅವರು ಎದ್ದರು. ಒಳಗೆ ಹೋಗಿ ಮತ್ತೆ ಮೊರ ತುಂಬಿಕೊಂಡು ಬಂದರು. ದೀಪಾವಳಿಗೆ ತಮಗೆಂದು ತವರಿನವರು ಕೊಟ್ಟಿದ್ದ ಇಳಕಲ್ ಕುಪ್ಪಸ ಅದರಲ್ಲಿತ್ತು. ಆದರೆ ಉಡಿಯನ್ನು ಚೀಲಕ್ಕೆ ಹಾಕುವಂತಿಲ್ಲ. ಯಾರಾದರೂ ಮಡಿಲೊಡ್ಡಬೇಕು.

"ನೀ ಕುಂದರವಾ ನೀಲಾ. ಆಕಿ ಸಲುವಾಗಿ ನೀ ಹಿಡಿ."

ಕೂಸನ್ನು ಅಮರೇಶ್ ಕೈಗೆ ಕೊಟ್ಟು ಮಣೆಯ ಮೇಲೆ ಕೂತೆ. ಸೆರಗು ಒಡ್ಡಿದೆ. ಅತ್ತೆ ನನ್ನ ಮುಖ ನೋಡಿ, ನನ್ನನ್ನಲ್ಲ ಎನ್ನುವ ಹಾಗೆ, "ಸಹ್ರಾ, ತಗೊಳವಾ. ನಿನ್ನ ಮಕ್ಕಳಾ ಮರಿ ಸುಖದಿಂದ ಇರಲಿ" ಎಂದು ಸುರಿದರು. ಭಾರವಿತ್ತು. ನಾನು ಕಂಡರಿಯದ ಹೆಂಗಸಿನ ಪಾಲು ನನ್ನ ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು. ಹಿಬೋ ಬಾಗಿ ಅದನ್ನು ಒಂದು ಕಾಳೂ ಬೀಳದ ಹಾಗೆ ಬಟ್ಟೆಗೆ ಕಟ್ಟಿಕೊಂಡಳು.

ಮಾರ್ಚ್ 28, ಮಂಗಳವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಸಂಜೆಯ ಹೊತ್ತು ಬರೆಯೋಣ ಎಂದುಕೊಳ್ಳುತ್ತೇನೆ, ಕೂಸಿಗೆ ಕುಡಿಸುತ್ತ ನಾನೂ ಮಲಗಿಬಿಡುತ್ತೇನೆ. ಅತ್ತೆ ದೀಪ ಆರಿಸಿದ್ದೂ ಗೊತ್ತಾಗುವುದಿಲ್ಲ.

ಇವತ್ತು ಹಿಬೋಳ ಧ್ವನಿ ಸಂದೇಶ ಬಂದಿದೆ. ತಲುಪಿದಳು. ದಾರಿಯಲ್ಲಿ ನಾಲ್ಕು ಕಡೆ ಗೇಟು, ನಾಲ್ಕು ಕಡೆಯೂ ಬಂದೂಕಿನವರು ಗಂಟು ಬಿಚ್ಚಿಸಿ ಅಕ್ಕಿಯೊಳಗೆ ಕೈಯಾಡಿಸಿದರಂತೆ. ಗುಲೇದನಿಗೆ ಇವಳ ಗುರುತೇ ಹತ್ತಲಿಲ್ಲ. ಸಹ್ರಾಳ ಕುತ್ತಿಗೆ ಹಿಡಿದು ಚೀರಿದನಂತೆ. ಎರಡು ದಿನ ಇವಳು ಅದೇ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ಮೂರನೆಯ ದಿನ ಸಹ್ರಾ ಅವನಿಗೆ ಕುಡಿಸುತ್ತ ಕುಡಿಸುತ್ತ ಪಕ್ಕಕ್ಕೆ ಸರಿದು, ಹಾಗೇ ಇವಳ ಮಡಿಲಿಗೆ ದಾಟಿಸಿದಳು. ಅವನು ಒಮ್ಮೆ ಬಾಯಿ ತೆಗೆದು ಮುಖ ನೋಡಿದ. ಆಮೇಲೆ ಕುಡಿದ.

"ಹಾಲು ಇತ್ತು ನೀಲಾ" ಎನ್ನುತ್ತಾಳೆ. ಹಿಂದಿನಿಂದ ಇನ್ನೊಂದು ಹೆಂಗಸಿನ ಜೋರು ದನಿ ಏನೋ ಕೂಗುತ್ತದೆ. "ಸಹ್ರಾ ಕೇಳುತ್ತಿದ್ದಾಳೆ, ಉತ್ತತ್ತಿ ತಿಂದೆವು, ಅಕ್ಕಿ ಬೇಯಿಸಿದೆವು, ಈ ಹಳದಿ ಕೊಂಬನ್ನು ಏನು ಮಾಡಬೇಕು?"

ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಸಂದೇಶ ಮುಗಿದು ಎಷ್ಟೋ ಹೊತ್ತಾಗಿದ್ದರೂ, ಬಾಯಿಯ ಹತ್ತಿರ ಹಿಡಿದು ಕೂಗಿದರು: "ಕಲ್ಲಿನ ಮ್ಯಾಲೆ ತೇಯಬೇಕವಾ! ತೇಯ್ದು ಇಬ್ಬರೂ ಕೂಡಿ ಮಕ್ಕಳಿಗೆ ಹಚ್ಚಿ ನೀರು ಎರೀರಿ!"